ಒಂದಕ್ಷರದ ಮಾತು

"ಕೇಳ್ರಪ್ಪೋ ಕೇಳಿ! ಬಲ್ಲರಸ ಮಹಾರಾಜರ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಬೇಡವೆಂದರೆ ಬಾಯಿಬಿಟ್ಟು ಕೇಳಿದ್ದು. ತಪ್ಪಿದವನಿಗೆ ತಲೆದಂಡ!"

ಸಿಂಪಿಪಟ್ಟಣದ ಬಂದರಿನಲ್ಲಿ ಡಂಗುರದವನು ಹೀಗೆ ಸಾರಿದಾಗ ಹಮಾಲಿ ಸುಕ್ರು ಬೆನ್ನ ಮೇಲಿನ ಮೂಟೆ ಇಳಿಸಿ ನಿಂತ. ಅರ್ಧ ರಾಜ್ಯ ಕಟ್ಟಿಕೊಂಡು ಅವನಿಗೇನಾಗಬೇಕು? ಅವನ ಸಂಕಟವೇ ಬೇರೆ. ಮೂರು ವರ್ಷದ ಹಿಂದೆ ಯುವರಾಜ ಇಂದರಸ ನಲವತ್ತು ಜನರನ್ನು ಕರೆದುಕೊಂಡು ಹಡಗೇರಿದ್ದ. ದಡಕ್ಕೆ ಬಂದದ್ದು ಮುರಿದ ಹಲಗೆ ಮಾತ್ರ. ಆ ನಲವತ್ತರಲ್ಲಿ ಸುಕ್ರುವಿನ ಅಣ್ಣ ಹೊನ್ನನೂ ಒಬ್ಬ. "ನನ್ನ ಮಗ ಸತ್ತನೆಂದವರ ನಾಲಿಗೆ ಕೀಳಿಸುತ್ತೇನೆ" ಎಂದುಬಿಟ್ಟಿದ್ದ ರಾಜ. ಇನ್ನೇನು, ನಲವತ್ತು ಮನೆಯಲ್ಲೂ ಅಳುವಂತಿಲ್ಲ, ತಿಥಿ ಮಾಡುವಂತಿಲ್ಲ! ಸುಕ್ರುವಿನ ತಾಯಿ ನಾಗಕ್ಕ ಅನ್ನ ನೀರು ಬಿಟ್ಟು ಕಡ್ಡಿಯಾಗಿದ್ದಳು. ಒಂದು ಸಲ ಬಾಯ್ತುಂಬ ಅತ್ತರೆ ಅವ್ವ ಉಳಿದಾಳು ಅಂತ ಅವನ ಆಸೆ. ಅರಮನೆಗೆ ನಡೆದ.

ಅಲ್ಲಿ ಆಗಲೇ ಮೂರು ತಲೆ ಉರುಳಿದ್ದವು. ಆಸ್ಥಾನದ ಪಂಡಿತ ಮೊದಲ ಒಗಟಿಗೆ 'ಕಾಮಧೇನು' ಎಂದು ಹೋದ. ಸಾಮಂತನ ಮಗ ಎರಡನೆಯದಕ್ಕೆ ಹೋದ. ಬೆಲ್ಲದ ಸಾಹುಕಾರ ಎರಡನ್ನೂ ಬಿಡಿಸಿ, ಮೂರನೆಯದಕ್ಕೆ "ಮೂಗರ ಮನೆ" ಅಂದು, ಪಾಪ, ಹೆಂಡತಿಯ ಹೆಸರು ಕೂಗುತ್ತ ಹೋದ.

"ಯಾರಯ್ಯಾ ನೀನು?"

"ಬಂದರಿನ ಹಮಾಲಿ, ಸ್ವಾಮಿ."

ರಾಜ ಬೇಸರದಿಂದಲೇ ಶುರುಮಾಡಿದ. "ಒಂದಕ್ಷರದ ಮಾತು. ಗುಜರಾತಿ ಮಗುವಿಗೆ ಅದು ಹಾಲೂಡುತ್ತದೆ. ಚೀನಾದ ವರ್ತಕನಿಗೆ ಅದು ಏಳಾದ ಮೇಲೆ ಬರುತ್ತದೆ. ಏನದು?"

"'ಬಾ', ಸ್ವಾಮಿ. ಗುಜರಾತಿ ಹಡಗಿನ ನಾವಿಕನೊಬ್ಬ ಜ್ವರದಲ್ಲಿ 'ಬಾ, ಬಾ' ಅಂತ ಕನವರಿಸುತ್ತಿದ್ದ. ಅವನು ಕರೆಯುತ್ತಿದ್ದದ್ದು ತಾಯಿಯನ್ನ. ಚೀನಾದವರು ಪೆಟ್ಟಿಗೆ ಎಣಿಸುವಾಗ ಎಂಟಕ್ಕೆ 'ಬಾ' ಅಂತಾರೆ."

"ಹಾಗಾದರೆ ಆ ಮಾತಿನ ಒಡೆಯ ಯಾರು? ಯಾರಿಂದ ಯಾರು ತಂದುಕೊಂಡರು?"

ಸಾಮಂತನ ಮಗ ಎಡವಿದ್ದು ಇಲ್ಲೇ. ತನ್ನ ಭಾಷೆಯೇ ಒಡೆಯ ಎಂದಿದ್ದ, ಜಂಬಗಾರ.

"ಯಾರೂ ಅಲ್ಲ, ಸ್ವಾಮಿ. ತುಟಿ ಕೂಡಿಸಿ ಬಿಟ್ಟರೆ ಯಾವ ದೇಶದ ಕೂಸಿಗೂ ಬರೋ ಸದ್ದು ಅದು. ಒಬ್ಬರಿಗೆ ತಾಯಿ ಬೇಕಿತ್ತು, ಇನ್ನೊಬ್ಬರಿಗೆ ಲೆಕ್ಕ ಬೇಕಿತ್ತು. ನಮಗೆ ಕರೆಯೋದು ಬೇಕಿತ್ತು. ಅವರವರ ನೆಲದಲ್ಲಿ ಬೇರೆಬೇರೆಯಾಗೇ ಹುಟ್ಟಿದ್ದು."

ಸಭೆ ಪಿಸುಗುಟ್ಟಿತು. ರಾಜನ ದನಿ ತಗ್ಗಿತು. "ನಮ್ಮ ನಾಡಿನಲ್ಲಿ ಆ ಮಾತು ಆಡದ ಮನೆ ಯಾವುದು?"

ಸುಕ್ರುವಿಗೆ ಉತ್ತರ ಗೊತ್ತಿತ್ತು. ಹೇಳಿದರೆ ನಾಲಿಗೆ ಹೋಗುತ್ತದೆ, ಬಿಟ್ಟರೆ ತಲೆ ಹೋಗುತ್ತದೆ!

"ಸಾವಿನ ಮನೆ, ಸ್ವಾಮಿ. ಅಲ್ಲಿಂದ ಹೊರಡುವವರು 'ಹೋಗಿ ಬರ್ತೀನಿ' ಅನ್ನಲ್ಲ. ಮನೆಯವರೂ 'ಹೋಗಿ ಬಾ' ಅನ್ನಲ್ಲ. ಸುಮ್ಮನೆ ಎದ್ದು ಹೋಗ್ತಾರೆ."

"ನನ್ನ ಅರಮನೆಯಲ್ಲಿ ಆ ಮಾತು ಆಡುತ್ತಾರೋ ಇಲ್ಲವೋ?"

"ಆಡ್ತಾರೆ, ಸ್ವಾಮಿ. ಆಡಬಾರದು."

ನಾಲಿಗೆ ಕೀಳಲು ಕಟುಕ ಇಕ್ಕಳ ಎತ್ತಿದ. ರಾಜ ಕೈ ಅಡ್ಡ ಹಿಡಿದ. "ಇವು ನನ್ನ ಮಗ ಹೊರಡುವ ದಿನ ಕೇಳಿದ ಒಗಟುಗಳು. ಉತ್ತರ ಬಂದು ಹೇಳ್ತೀನಿ ಅಂದಿದ್ದ; ಬರಲಿಲ್ಲ, ನಾನೇ ಬಿಡಿಸಿಕೊಂಡೆ. ಮೂರನೆಯದಕ್ಕೆ ಬೇರೆ ಉತ್ತರ ಇದ್ದೀತೇನೋ ಅಂತ ಕಾದೆ ಕಣಯ್ಯಾ." ಅಷ್ಟು ದೊಡ್ಡ ರಾಜ ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತ. ಆಮೇಲೆ, "ಏನು ಬೇಕು, ಕೇಳು" ಎಂದ.

"ನಲವತ್ತು ಮನೆಗೂ ಅಳೋಕೆ ಅಪ್ಪಣೆ ಕೊಡಿ."

ಅಪ್ಪಣೆ ಆಯಿತು. ಸುಕ್ರು ಓಡಿ ಬಂದು ತಾಯಿಯ ಮುಂದೆ ಎಲ್ಲ ಹೇಳಿದ. ನಾಗಕ್ಕ ಎದ್ದವಳೇ ಅವನ ಕೆನ್ನೆಗೆ ಬಾರಿಸಿದಳು.

"ಇವತ್ತು ಬೆಳಗಿನವರೆಗೂ ಬದುಕಿದ್ದನಲ್ಲೋ ನನ್ನ ಹೊನ್ನ! ಕೊಂದು ಬಂದೆಯಲ್ಲೋ, ಪಾಪಿ!"

ಸುಕ್ರು ಕೈ ಕಟ್ಟಿಕೊಂಡು ನಿಂತ. ಹೊಡೆದು ಹೊಡೆದು ಸೋತು, ಅವನ ಕೊರಳಿಗೇ ಜೋತುಬಿದ್ದು ಅವಳು ಗೋಳೋ ಎಂದು ಅತ್ತಳು. ಪಕ್ಕದ ಮನೆಯಲ್ಲೂ ಅಳು ಎದ್ದಿತು, ಅದರಾಚೆಯ ಮನೆಯಲ್ಲೂ. ಇಡೀ ಕೇರಿ ಸಂಜೆಯವರೆಗೆ ಅತ್ತಿತು.

ಆಮೇಲೆ ನಾಗಕ್ಕ ಕಡಲಲ್ಲಿ ಮುಳುಗೆದ್ದು ಬಂದು ಹೊಸ್ತಿಲ ಮೇಲೆ ಕೂತಳು. "ಹಸಿವಾಗ್ತಿದೆ ಕಣೋ" ಅಂದಳು.