ಎಡಗೈ ಹೆಬ್ಬೆರಳು

"ಬುದ್ಧಿ, ಸೋತ ನಾಚಿಕೆ ಎಷ್ಟು ದಿನ ಇರುತ್ತದೆ?"

ಮರುಳಸಿದ್ಧ ಈ ಪ್ರಶ್ನೆ ಕೇಳಿದ್ದು ಪೂಜೆ ಮುಗಿದ ಮೇಲೆ, ಗುರುಗಳು ಒಬ್ಬರೇ ಕೂತಿದ್ದಾಗ. ಅವನು ಮಠದಲ್ಲಿದ್ದು ಓದುತ್ತಿದ್ದ ಸಾಧಕ. ಹಿಂದಿನ ದಿನ ಅವನ ಮೊದಲ ಪ್ರವಚನ ನಡೆದಿತ್ತು.

ಆ ಮಠದ ಪದ್ಧತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಗವಾಯಿಗಳು ಒಂದು ವಚನ ಹಾಡುತ್ತಾರೆ. ಪ್ರವಚನ ಮಾಡುವವನು ಅದರ ಒಂದೊಂದೇ ಸಾಲು ಹಿಡಿದು ಅರ್ಥ ಹೇಳುತ್ತಾ ಹೋಗುತ್ತಾನೆ. ಗವಾಯಿ ಕೊಟ್ರಯ್ಯನವರು ಹಾಡಿದರು. ಮರುಳಸಿದ್ಧ ಎರಡು ಸಾಲಿಗೆ ಅರ್ಥ ಹೇಳಿದ. ಆಮೇಲೆ ಅವನಿಗೆ ಎಲ್ಲವೂ ಮರೆತುಹೋಯಿತು. ಸಭೆ ಕಾದು ಕೂತಿತು. ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಅವನು ಕೊಟ್ರಯ್ಯನವರ ಕಡೆ ತಿರುಗಿ, "ಗವಾಯಿಗಳು ನಡುವೆ ಒಂದು ಸಾಲು ಬಿಟ್ಟುಬಿಟ್ಟರು, ನನಗೆ ಎಳೆ ತಪ್ಪಿತು" ಎಂದು ನಗುತ್ತಾ ಹೇಳಿ, ಕೈಮುಗಿದು ಇಳಿದುಬಂದ.

ಕೊಟ್ರಯ್ಯನವರು ಯಾವ ಸಾಲನ್ನೂ ಬಿಟ್ಟಿರಲಿಲ್ಲ. ಇದು ಮರುಳಸಿದ್ಧನಿಗೆ ಗೊತ್ತಿತ್ತು. ಗುರುಗಳಿಗೆ ಗೊತ್ತೋ ಇಲ್ಲವೋ ಅವನಿಗೆ ತಿಳಿಯದು, ಏಕೆಂದರೆ ಅವರು ಸಭೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಆದ್ದರಿಂದ ಈಗ ಅವನು ತಾನು ಮರೆತದ್ದನ್ನೂ ಜನ ನಕ್ಕದ್ದನ್ನೂ ಹೇಳಿಕೊಂಡ. ಕೊಟ್ರಯ್ಯನವರ ಹೆಸರು ಎತ್ತಲಿಲ್ಲ.

ಗುರುಗಳು ಉತ್ತರದ ಬದಲು ಒಂದು ಕತೆ ಹೇಳಿದರು. ಮಠದಲ್ಲಿ ಕೂತವರಿಗೆ ಮೋಟಾರ್ ಸೈಕಲ್ ರೇಸಿನ ಕತೆ ಹೇಗೆ ಗೊತ್ತು ಎಂದು ಯಾರಿಗಾದರೂ ಅನ್ನಿಸಬಹುದು. ಮಠಕ್ಕೆ ಎಲ್ಲ ಬಗೆಯ ಜನ ಬರುತ್ತಾರೆ, ಬಂದವರು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಅಷ್ಟೇ.

ಒಬ್ಬ ಸವಾರನಿದ್ದ. ಗುಡ್ಡದ ಊರಿನವನು. ರಸ್ತೆಯೇ ಇಲ್ಲದ ಕಡೆ ಮೋಟಾರ್ ಸೈಕಲ್ ಓಡಿಸುವುದರಲ್ಲಿ ಪಳಗಿದವನು. ಕಲ್ಲಿರಲಿ, ಹಳ್ಳವಿರಲಿ, ಬಿದ್ದ ಮರವಿರಲಿ, ದಾಟಿಕೊಂಡು ಹೋಗುತ್ತಿದ್ದ. ಅವನು ಬೀಳುತ್ತಿರಲಿಲ್ಲ ಎಂದಲ್ಲ. ಬೀಳುತ್ತಿದ್ದ. ಆದರೆ ಗುಡ್ಡದಲ್ಲಿ ಬಿದ್ದವನನ್ನು ನೋಡುವವರು ಯಾರೂ ಇರುವುದಿಲ್ಲ. ಎದ್ದು ಮೈ ಕೊಡವಿಕೊಂಡು ಒಂದು ಗುಟುಕು ನೀರು ಕುಡಿದು ಮುಂದೆ ಹೋದರಾಯಿತು. ಊರಿಗೆ ಬಂದಾಗ ಅವನು ಬೀಳದ ಸವಾರನೇ.

ಅವನ ಅಕ್ಕನ ಗಂಡ ಒಬ್ಬ ಮೆಕ್ಯಾನಿಕ್. ಸವಾರನ ಗಾಡಿಯನ್ನು ಸಿದ್ಧಮಾಡಿ ಕೊಡುವವನು ಅವನೇ. ಈ ಮೆಕ್ಯಾನಿಕ್ಕಿಗೆ ಒಂದು ರೂಢಿ ಇತ್ತು. ಬೇರೆ ಗ್ಯಾರೇಜಿನವರು ಕೆಲಸ ಮುಗಿದ ಮೇಲೆ ಬೀಗದಕೈ ಕೊಡುತ್ತಾರೆ. ಇವನು ತಾನೇ ಕಿಕ್ ಹೊಡೆದು ಸ್ಟಾರ್ಟ್ ಮಾಡಿ, ಓಡುತ್ತಿರುವ ಎಂಜಿನ್ನಿನ ಸಮೇತ ಗಾಡಿಯನ್ನು ಕೈಗೆ ಕೊಡುತ್ತಿದ್ದ. "ಉಸಿರಾಡೋ ಗಾಡಿ ಕೊಟ್ಟಿದೀನಿ, ಹಂಗೇ ತಗಂಡೋಗು" ಎನ್ನುತ್ತಿದ್ದ. ಸುತ್ತಲಿನ ಸವಾರರಿಗೆ ಆ ಮಾತೇ ಗ್ಯಾರಂಟಿ. ಗ್ಯಾರೇಜಿಗೆ ಬೋರ್ಡು ಕೂಡ ಇರಲಿಲ್ಲ.

ಒಮ್ಮೆ ನಗರದಲ್ಲಿ ಒಂದು ರೇಸು ಏರ್ಪಟ್ಟಿತು. ಅದು ಬಯಲಿನಲ್ಲಲ್ಲ, ಸೂರಿನ ಕೆಳಗೆ. ಒಳಾಂಗಣ ಕ್ರೀಡಾಂಗಣದ ನೆಲಕ್ಕೆ ಲಾರಿಗಟ್ಟಲೆ ಮಣ್ಣು ಸುರಿದು, ಅದರ ಮೇಲೆ ಮರದ ದಿಮ್ಮಿ, ಬಂಡೆಗಲ್ಲು, ಹಳೆಯ ಲಾರಿ ಟೈರುಗಳನ್ನು ಒತ್ತೊತ್ತಾಗಿ ಹಾಕಿದ್ದರು. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಜನ ಕೂತಿದ್ದರು. ಸವಾರ ಇಂಥ ರೇಸಿಗೆ ಇಳಿದದ್ದು ಇದೇ ಮೊದಲು.

"ಇದೇನ್ ಭಾವ, ನಮ್ ಗುಡ್ಡಾನೇ ಮಡಚಿ ಡಬ್ಬಿಗೆ ಹಾಕ್ದಂಗೈತೆ!" ಎಂದು ಅವನು ನಕ್ಕ.

"ಡಬ್ಬೀನೋ ಗುಡ್ಡಾನೋ, ಗಾಡಿ ಚಿಂತೆ ನಂಗ್ ಬಿಡು. ನೀನು ಬೀಳ್ದಂಗೆ ಬಾ" ಎಂದು ಮೆಕ್ಯಾನಿಕ್ ಕಿಕ್ ಹೊಡೆದು, ಉಸಿರಾಡುವ ಗಾಡಿಯನ್ನು ಅವನ ಕೈಗೆ ಕೊಟ್ಟ.

ಗುಡ್ಡದ ಸವಾರ ಗಾಡಿ ಓಡಿಸುವುದು ಕಿವಿಯಿಂದ. ಎಂಜಿನ್ನಿನ ಸದ್ದು ಇಳಿದರೆ ಗೇರು ಇಳಿಸುತ್ತಾನೆ, ಸದ್ದು ಏರಿದರೆ ಗೇರು ಏರಿಸುತ್ತಾನೆ. ಗುಡ್ಡದಲ್ಲಿ ಇದು ನಡೆಯುತ್ತದೆ, ಏಕೆಂದರೆ ಅಲ್ಲಿ ಅವನದೊಂದೇ ಸದ್ದು. ಸೂರಿನ ಕೆಳಗೆ ಎಲ್ಲ ಎಂಜಿನ್ನುಗಳ ಸದ್ದೂ ಮೇಲಕ್ಕೆ ಹೋಗಿ ತಗಡಿಗೆ ಬಡಿದು ಒಂದಾಗಿ ಕೆಳಗೆ ಬೀಳುತ್ತದೆ. ತನ್ನದು ಯಾವುದು ಎಂದು ತಿಳಿಯುವುದಿಲ್ಲ. ದಿಮ್ಮಿ ಹತ್ತಿ ಇಳಿಯುವಾಗ ಸವಾರನ ಎಂಜಿನ್ ಆರಿಹೋಯಿತು. ಅವನಿಗೆ ಅದು ಗೊತ್ತಾಗಲಿಲ್ಲ. ಬೇರೆಯವರ ಸದ್ದನ್ನು ತನ್ನದೆಂದುಕೊಂಡು, ಆರಿದ ಗಾಡಿಯ ಆಕ್ಸಿಲರೇಟರನ್ನು ಜೋರಾಗಿ ತಿರುವುತ್ತಾ ಬಂಡೆಗಳ ಮೇಲೆ ಹೋದ. ಗಾಡಿ ನಿಂತಿತು. ಅವನು ಗಾಡಿಯ ಸಮೇತ ಪಕ್ಕಕ್ಕೆ ಮಗುಚಿದ.

ಎದ್ದು ಕಿಕ್ ಹೊಡೆದ. ಎಂಜಿನ್ ಕೂಡಲೇ ಹಿಡಿಯಿತು. ಒಂದು ಬಂಡೆ ದಾಟಿದ. ಮುಂದಿನ ಬಂಡೆಯಲ್ಲಿ ಮತ್ತೆ ಬಿದ್ದ. ಅದು ಪ್ರೇಕ್ಷಕರಿಗೆ ತೀರ ಹತ್ತಿರದ ಜಾಗ.

"ಅಣ್ಣಾ, ಅಲ್ಲೇ ಒಂದ್ ಮನೆ ಕಟ್ಕಂಬಿಡು! ಗೃಹಪ್ರವೇಶಕ್ಕೆ ನಾವೂ ಬರ್ತೀವಿ!" ಎಂದು ಮೇಲಿನಿಂದ ಒಬ್ಬ ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವೂ ಸೂರಿಗೆ ಬಡಿದು ಅವನ ಮೇಲೆ ಬಿತ್ತು. ಅವನ ಮುಖ ಹೆಲ್ಮೆಟ್ಟಿನ ಒಳಗಿತ್ತು, ಯಾರಿಗೂ ಕಾಣುವಂತಿರಲಿಲ್ಲ. ಆದರೂ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸಿತು.

ಆಗ ಅವನು ಒಂದು ಕೆಲಸ ಮಾಡಿದ. ಅಂಥ ಗಾಡಿಗಳ ಎಡ ಹಿಡಿಕೆಯ ಬಳಿ ಒಂದು ಸಣ್ಣ ಗುಂಡಿ ಇರುತ್ತದೆ. ಅದು ಎಂಜಿನ್ ಆರಿಸುವ ಗುಂಡಿ. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು, ಎಷ್ಟೇ ಕಿಕ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ. ಸವಾರ ಎಡಗೈ ಹೆಬ್ಬೆರಳನ್ನು ಆ ಗುಂಡಿಯ ಮೇಲೆ ಒತ್ತಿ ಹಿಡಿದ. ಬಲಗಾಲಿನಿಂದ ಕಿಕ್ ಹೊಡೆದ. ಮತ್ತೆ ಮತ್ತೆ ಹೊಡೆದ. ಬೆವರು ಇಳಿಯುವವರೆಗೆ ಹೊಡೆದ. ಜನ ಅವನ ಕಾಲನ್ನು ನೋಡಿದರು. ಹೆಬ್ಬೆರಳನ್ನು ಯಾರೂ ನೋಡಲಿಲ್ಲ. ಕೊನೆಗೆ ಅವನು ಗಾಡಿಯನ್ನು ತೋರಿಸಿ ಎರಡೂ ಕೈ ಚೆಲ್ಲಿದ.

"ಅಯ್ಯೋ ಪಾಪ, ಗಾಡಿ ಕೈಕೊಟ್ಟಿದೆ!" ಎಂದು ಮೈಕಿನಲ್ಲಿ ಕೇಳಿಸಿತು.

ನಗು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಗಾಡಿ ಕೆಟ್ಟರೂ ಇಷ್ಟು ಹೊತ್ತು ಹೋರಾಡಿದನಲ್ಲ ಎಂಬ ಚಪ್ಪಾಳೆ ಅದು. ಸವಾರ ಗಾಡಿ ತಳ್ಳಿಕೊಂಡು ಹೊರಗೆ ಬಂದ. ಚಪ್ಪಾಳೆ ಅವನಿಗೆ ಹಿತವಾಗಿತ್ತು. ಇದನ್ನೂ ಹೇಳಬೇಕು, ಏಕೆಂದರೆ ಆಮೇಲೆ ಅವನನ್ನು ಸುಟ್ಟದ್ದು ಅದೇ ಹಿತ.

ಹೊರಗೆ ಮೆಕ್ಯಾನಿಕ್ ಓಡಿಬಂದು ಗಾಡಿಯ ಪಕ್ಕ ಮೊಣಕಾಲೂರಿದ. ಪ್ಲಗ್ ಬಿಚ್ಚಿ ನೋಡಿದ, ಚೆನ್ನಾಗಿತ್ತು. ಪೆಟ್ರೋಲ್ ಪೈಪು ನೋಡಿದ, ಚೆನ್ನಾಗಿತ್ತು. ಕಿಕ್ ಹೊಡೆದ, ಗಾಡಿ ಸ್ಟಾರ್ಟ್ ಆಯಿತು. ಅವನ ಮುಖ ಕಪ್ಪಿಟ್ಟಿತು. ಏನಾದರೂ ಕೆಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಪಕ್ಕದ ಗಾಡಿಯವರು ನೋಡುತ್ತಿದ್ದರು. "ಏನ್ ಮೇಸ್ತ್ರಿ, ಅಲ್ಲಿ ಉಸಿರು ಕಟ್ಟಿ, ಇಲ್ಲಿಗೆ ಬಂದ ಮ್ಯಾಲೆ ಬದುಕ್ತಾ? ರಿಪೇರಿ ಮಾಡಿದ್ಯೋ, ಬರೀ ಊದುಬತ್ತಿ ಹಚ್ಚಿ ಕಳ್ಸಿದ್ಯೋ?" ಎಂದ ಒಬ್ಬ. ಎಲ್ಲರೂ ನಕ್ಕರು. ಒಳಗೆ ಸವಾರನ ಮೇಲೆ ಬಿದ್ದ ನಗುವೇ ಈಗ ಇಲ್ಲಿ ಮೆಕ್ಯಾನಿಕ್ಕಿನ ಮೇಲೆ ಬಿದ್ದಿತು. ಸವಾರ ಹೆಲ್ಮೆಟ್ ತೆಗೆಯದೆ ನಿಂತಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಆಡಲಿಲ್ಲ.

ಇಲ್ಲಿಗೆ ಬಂದಾಗ ಮರುಳಸಿದ್ಧ ಕೂತಲ್ಲೇ ಅಲುಗಿದ. ಶಲ್ಯವನ್ನು ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು. ಗುರುಗಳು ಕತೆ ನಿಲ್ಲಿಸಲಿಲ್ಲ.

ಅದೇ ಬಂಡೆಗಳಲ್ಲಿ ಆ ದಿನ ಇನ್ನೂ ಎಷ್ಟೋ ಮಂದಿ ಬಿದ್ದರು. ಗೆದ್ದವನೂ ಒಮ್ಮೆ ಬಿದ್ದಿದ್ದ. ಜನ ಎಲ್ಲರನ್ನೂ ನೋಡಿ ನಕ್ಕರು, ಎದ್ದು ಮನೆಗೆ ಹೋದರು. ಯಾರು ಬಿದ್ದರು, ಯಾರು ಎದ್ದರು ಎಂದು ಬಸ್ಸು ಹತ್ತುವ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

ಆದರೆ ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮರೆಯಲಿಲ್ಲ. ಅವನಿಗೆ ತನ್ನ ಕೈಯ ಮೇಲಿನ ನಂಬಿಕೆ ಹೋಯಿತು. ಸಿದ್ಧವಾದ ಗಾಡಿಯನ್ನು ಸ್ಟಾರ್ಟ್ ಮಾಡುತ್ತಿದ್ದ, ಆರಿಸುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ಗಾಡಿ ಕೊಟ್ಟವರು ಬಂದರೆ "ನಾಳೆ ಬಾರಪ್ಪ, ಇನ್ನೊಂದ್ಸಲ ನೋಡ್ತೀನಿ" ಎನ್ನುತ್ತಿದ್ದ. ಉಸಿರಾಡುವ ಗಾಡಿ ಕೊಡುವುದನ್ನು ಬಿಟ್ಟ. ಜನ ನಿಧಾನವಾಗಿ ಬೇರೆ ಗ್ಯಾರೇಜು ಹಿಡಿದರು. ಅವರದು ತಪ್ಪು ಎನ್ನಲಾಗದು. ತನ್ನ ಕೆಲಸವನ್ನು ತಾನೇ ನಂಬದವನನ್ನು ಬೇರೆಯವರು ಹೇಗೆ ನಂಬುತ್ತಾರೆ?

ಸವಾರ ನಿಜ ಹೇಳಬೇಕೆಂದು ಒಂದು ದಿನ ಅಕ್ಕನ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋಗಿದ್ದ. ಅವನು ಬಾಯಿ ತೆರೆಯುವ ಮೊದಲೇ ಮೆಕ್ಯಾನಿಕ್ ಅವನ ಕೈ ಹಿಡಿದುಕೊಂಡ.

"ನಿನ್ ಮುಖ ನೋಡಕ್ಕೆ ನಂಗೆ ನಾಚ್ಕೆ ಆಗ್ತತಿ ಕಣೋ. ನಿನ್ ಮೊದಲ್ನೇ ರೇಸು ನಾನೇ ಹಾಳ್ ಮಾಡ್ದೆ. ಅಷ್ಟ್ ಜನದ ಮುಂದೆ ನಿನ್ನ ನಿಲ್ಲಿಸ್ಬಿಟ್ಟೆ. ಮನಸ್ನಾಗೆ ಇಟ್ಕಾಬೇಡಪ್ಪ."

ಸವಾರ ಮೆಲ್ಲಗೆ ಕೈ ಬಿಡಿಸಿಕೊಂಡ. ರೇಸಿನ ದಿನ ಆಡಬಹುದಾಗಿದ್ದ ಒಂದು ಮಾತು ಈಗ ಎತ್ತಲಾರದಷ್ಟು ಭಾರವಾಗಿತ್ತು. ಅಂದು ಹೇಳಿದ್ದರೆ ಬಿದ್ದದ್ದನ್ನೂ ಗುಂಡಿ ಒತ್ತಿದ್ದನ್ನೂ ಮಾತ್ರ ಹೇಳಬೇಕಿತ್ತು. ಈಗ ಹೇಳುವುದಾದರೆ ಚಪ್ಪಾಳೆಯನ್ನೂ, ಸುಮ್ಮನೆ ನಿಂತದ್ದನ್ನೂ, ಖಾಲಿಯಾದ ಗ್ಯಾರೇಜನ್ನೂ ಹೇಳಬೇಕು. ಅಕ್ಕ ಚಹಾ ತಂದು ಇಟ್ಟಳು. ಅವನು ಚಹಾ ಕುಡಿದ. "ಇರ್ಲಿ ಬಿಡಿ ಭಾವ" ಎಂದು ಎದ್ದುಬಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಕಾದ. ಕತೆ ಮುಂದುವರಿಯಲಿಲ್ಲ. ಅವನಿಗೆ ಅದು ಹೇಗಾದರೂ ಮುಗಿಯಬೇಕಿತ್ತು. ಸವಾರ ನಿಜ ಹೇಳಿದ, ಮೆಕ್ಯಾನಿಕ್ ಕ್ಷಮಿಸಿದ ಎಂದು ಗುರುಗಳ ಬಾಯಿಂದ ಬಂದಿದ್ದರೆ ಅವನು ಎದ್ದುಹೋಗಬಹುದಿತ್ತು.

"ಆಮೇಲೆ ಏನಾಯಿತು, ಬುದ್ಧಿ? ಸವಾರ ಹೇಳಿದನೆ?" ಎಂದು ಕೇಳಿದ. ಅವನ ದನಿ ಸಣ್ಣದಾಗಿತ್ತು.

ಗುರುಗಳು ಅವನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು.

"ಕೊಟ್ರಯ್ಯನವರು ಬೆಳಗಿನಿಂದ ಆ ವಚನವನ್ನೇ ಹಾಡಿ ಹಾಡಿ ನೋಡುತ್ತಿದ್ದಾರೆ, ಯಾವ ಸಾಲು ಬಿಟ್ಟೆ ಎಂಬುದು ಅವರಿಗೆ ಇನ್ನೂ ಸಿಕ್ಕಿಲ್ಲ" ಎಂದರು.