ನೂರು ಮಾತಿನ ಕಟ್ಟಳೆಯೂ ಲಾಯದ ಜುಂಜನೂ

"ಕೇಳ್ರಪ್ಪೋ ಕೇಳಿ! ಇಂದಿನಿಂದ ಗೆರೆಪಟ್ಟಣದ ಪ್ರಜೆಗಳು ದಿನಕ್ಕೆ ನೂರೇ ಮಾತು ಆಡತಕ್ಕದ್ದು, ಮೂರೇ ಸಲ ನಗತಕ್ಕದ್ದು. ಈ ಮಿತಿ ಬೇಡವೆನ್ನುವವರು ಆಸ್ಥಾನಕ್ಕೆ ಬಂದು ದೊರೆಯ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಕಟ್ಟಳೆ ರದ್ದು, ತಪ್ಪಿದರೆ ತಲೆ ರದ್ದು!"

ಹೀಗೆ ಡಂಗುರ ಸಾರಿಸಿದವನು ಮುಷ್ಟಿಮಲ್ಲ ದೊರೆ. ಒಗಟಿನ ದಿನ ಆಸ್ಥಾನದ ಎರಡನೇ ಕಂಬಕ್ಕೆ ಒರಗಿ ನಿಂತಿದ್ದವನು ನಾನೇ. ಆ ಕಂಬ ಇವತ್ತಿಗೂ ಬೀಳದಿರುವುದಕ್ಕೆ ಕಾರಣವೂ ನಾನೇ, ಅದಿರಲಿ.

ದೊರೆ ಮೊದಲ ಒಗಟು ಎಸೆದ: "ಬಿಟ್ಟರೆ ಬೀಳುತ್ತದೆ, ಕಟ್ಟಿ ಹಿಡಿದರೆ ಮುಗಿಲಿಗೇರುತ್ತದೆ. ಯಾವುದದು?"

ಆಸ್ಥಾನ ಪಂಡಿತರು "ಹೊಗೆ" ಎಂದರು.

"ಹಾಗಾದರೆ ಒಂದಿಷ್ಟು ಹೊಗೆ ಕಟ್ಟಿ ತೋರಿಸಿ, ಪಂಡಿತರೇ."

ದಳವಾಯಿ ಎದೆ ತಟ್ಟಿಕೊಂಡು "ಬಾಣ" ಎಂದ. ಕಟ್ಟಿದ ಬಾಣ ಎಲ್ಲಿಗೆ ಹೋದೀತು? ಕಡಿಯುವವನಿಗೆ ಗೊಂದಲವಾಗದಿರಲಿ ಎಂದು ಇಬ್ಬರ ಕೊರಳಿಗೂ ಸುಣ್ಣದ ಗೆರೆ ಎಳೆದು ಮೂಲೆಗೆ ನಿಲ್ಲಿಸಿದರು.

ಆಗ ಬಂದ ನೋಡಿ, ಕುದುರೆ ಲಾಯದ ಆಳು ಜುಂಜ.

"ನಿನಗೇನೋ ಬಂತು ಕೇಡು?" ಎಂದ ದೊರೆ.

"ಬುದ್ಧಿ, ಮಾತಾಡಿಸದೆ ಮೈ ಉಜ್ಜಿದರೆ ಕುದುರೆ ಒದೆಯುತ್ತೆ. ಒಂದು ಕುದುರೆಗೇ ನನ್ನ ನೂರು ಮಾತು ಖರ್ಚು. ಉಳಿದ ಹನ್ನೊಂದರ ಕೈಲಿ ಒದೆಸಿಕೊಂಡು ಸಾಯೋದಕ್ಕಿಂತ ನಿಮ್ಮ ಕೈಲಿ ಸಾಯೋದೇ ವಾಸಿ. ನಿಮ್ಮ ಒಗಟು ಗಾಳಿಪಟ. ಆದರೆ ದಾರ ಬಿಡುತ್ತಾ ಹೋಗಬೇಕು. ಮೊಳದುದ್ದ ಕೊಟ್ಟು ಹಾರು ಅಂದರೆ ಮೂತಿ ನೆಲಕ್ಕೆ ಬಡಿಯುತ್ತೆ."

ದೊರೆಯ ಮೀಸೆ ಅದುರಿತು. "ಎರಡನೆಯದು. ಬಾಯಲ್ಲಿ ಕಬ್ಬಿಣ, ನುಂಗದು, ಉಗುಳದು. ಎಳೆದರೆ ನಿಲ್ಲುತ್ತದೆ, ಸಡಿಲಿಸಿದರೆ ಓಡುತ್ತದೆ."

"ಕಡಿವಾಣ ಹಾಕಿದ ಕುದುರೆ. ಮೇಯುವಾಗ ಅದನ್ನು ಬಿಚ್ಚುತ್ತೇವೆ, ಬುದ್ಧಿ. ನೀವು ನಮಗೆ ಉಣ್ಣುವಾಗಲೂ ಬಿಚ್ಚಿಲ್ಲ."

ಸಭೆಯಲ್ಲಿ ಯಾರೋ ಕೆಮ್ಮಿದರು. ನಾನಲ್ಲ.

"ಮೂರನೆಯದು! ಎಲ್ಲರಿಗೂ ಮಿತಿ ಹಾಕುತ್ತದೆ, ಯಾರ ಮಿತಿಗೂ ಸಿಗದು. ಯಾವುದು?"

"ನಿದ್ದೆ."

"ತಪ್ಪು! ಅದು ನಾನು! ಎಲ್ಲಿ ಕತ್ತಿ?"

ಜುಂಜ ಕದಲಲಿಲ್ಲ. "ನೀವೇ ಆದರೆ ನಿದ್ದೆಗೆ ಬರಬೇಡ ಅನ್ನಿ. ಅದು ನಿಮ್ಮ ಮಾತು ಕೇಳಿದರೆ ಈ ತಲೆ ನಿಮ್ಮದು."

ದೊರೆ ಸಿಂಹಾಸನದಲ್ಲೇ ಬಿಗಿದು ಕೂತ. ಮೊದಲ ದಿನ ಕಿವಿಯ ಪಕ್ಕ ನಗಾರಿ ಬಾರಿಸಿಕೊಂಡ. ಎರಡನೆಯ ದಿನ ಬುಟ್ಟಿಗಟ್ಟಲೆ ಹಸಿಮೆಣಸಿನಕಾಯಿ ಅಗಿದ. ಮೂರನೆಯ ದಿನ ಮಟಮಟ ಮಧ್ಯಾಹ್ನ ಕಿರೀಟ ಮೂಗಿಗೆ ಜಾರಿತು. ಗೊರಕೆಗೆ ಅರಮನೆಯ ಹೆಂಚು ಹಾರಿ ಪಕ್ಕದ ರಾಜ್ಯಕ್ಕೆ ಬಿದ್ದವು. ಎಣಿಸಿದವನು ನಾನೇ, ನಲವತ್ತು.

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ದೊರೆ ಬೆಚ್ಚಿ ಎದ್ದ. "ಯಾರದು ನಕ್ಕದ್ದು?"

"ಎಲ್ಲರೂ, ಬುದ್ಧಿ" ಎಂದ ಜುಂಜ. "ಎಷ್ಟು ತಲೆ ಬೇಕೋ ತೆಗೆಯಿರಿ. ಆಮೇಲೆ ಯಾರಿಗೆ ದೊರೆಯಾಗಿರುತ್ತೀರಿ?"

ದೊರೆ ಕತ್ತಿಯವನ ಕಡೆ ನೋಡಿದ. ಅವನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೇರೆ ದಾರಿಯಿಲ್ಲದೆ ದೊರೆ ಕಟ್ಟಳೆ ಹರಿದ. ಪಂಡಿತರೂ ದಳವಾಯಿಯೂ ತಲೆ ಸಮೇತ ಮನೆಗೆ ಹೋದರು. ಜುಂಜನಿಗೆ ಅರಸನ ಬಿಳಿ ಕುದುರೆಯೂ ಒಂದು ಹಳ್ಳಿಯೂ ಸಿಕ್ಕವು.

ಹೊಟ್ಟೆತುಂಬ ಉಂಡು ದೊರೆ ಹಾಸಿಗೆಗೆ ಬಿದ್ದು "ಈಗ ಬಾ" ಎಂದು ನಿದ್ದೆಗೆ ಅಪ್ಪಣೆ ಮಾಡಿದ. ಹೊರಗೆ ಊರಿಗೆ ಊರೇ ಹರಟುತ್ತಿತ್ತು. ನಿದ್ದೆ ಬರಲಿಲ್ಲ.