ತಿಮ್ಮರಾಯಪ್ಪನವರ ಅಪ್ಪನ ರೇಡಿಯೇಟರ್

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಕಲ್ಲು, ಕೆಸರು ಎನ್ನದೆ ನುಗ್ಗಲಿ ಅಂತ ಮನೆಯಂಗಳದಲ್ಲೇ ನಾನೊಂದು ಮೋಟಾರು ಬಗ್ಗಿ ಕಟ್ಟಿದೆ. ಅಂಥ ಗಾಡಿ ಶಿರಾ ಸೀಮೆಯಲ್ಲೇ ಇಲ್ಲ. ಓಡಿಸಲು ಜಾಗ ಮಾತ್ರ ಊರ ಯಜಮಾನರು ತಿಮ್ಮರಾಯಪ್ಪನವರ ಕಲ್ಲುದಿಣ್ಣೆ, ಆ ಕಲ್ಲುಬೋರೆ ಒಂದೇ.

ಅವರು ಹಳೆಯದೊಂದು ರೇಡಿಯೇಟರ್ ಹೊರಿಸಿಕೊಂಡು ಬಂದರು. "ಇದು ನಮ್ಮಪ್ಪನ ಕಾರಿಂದು. ಮುಂದುಗಡೆ, ಎಲ್ಲರಿಗೂ ಕಾಣೋ ಹಾಗೆ ಕೂರಿಸು. ಇಲ್ಲಾಂದ್ರೆ ನನ್ನ ನೆಲದ ಮೇಲೆ ನಿನ್ನ ಚಕ್ರ ಉರುಳಕೂಡದು."

ಅದೋ ಜರಡಿಯ ಹಾಗೆ ಸೋರುತ್ತಿತ್ತು. ಮೇಲಾಗಿ, ಮುಂದಿಟ್ಟರೆ ಕೆಸರು ಮೆತ್ತಿ ಎಂಜಿನ್ ಕುದಿಯುತ್ತದೆ. ಆಗೋದಿಲ್ಲ ಅನ್ನಲು ಹೊರಟೆ. ನನ್ನ ವೆಲ್ಡರ್ ದಾದಾಪೀರ್ ಮಾತ್ರ, "ಅದಕ್ಕೇನು ಯಜಮಾನ್ರೇ, ಮುಂದೇನೇ ಕೂರಿಸೋಣ" ಅಂದ.

ತಿಕ್ಕಿ ಹೊಳಪು ಬರಿಸಿ ಕೂರಿಸಿಯೂ ಬಿಟ್ಟ. ಅದಕ್ಕೆ ನೀರು ಹಾಕಲಿಲ್ಲ, ಅದರಿಂದ ಎಂಜಿನ್ನಿಗೆ ಪೈಪೂ ಕೊಡಲಿಲ್ಲ. ಗುಜರಿಯಿಂದ ತಂದ ಪಿಕಪ್ಪಿನ ದೊಡ್ಡ ರೇಡಿಯೇಟರನ್ನು ಸೀಟಿನ ಹಿಂದೆ ಎತ್ತರದಲ್ಲಿ ಬಿಗಿದು, ಫ್ಯಾನು ಜೋಡಿಸಿ, ಜಾಲರಿಯಿಂದ ಮರೆಮಾಡಿದ.

ಯಜಮಾನರು ನನ್ನ ಪಕ್ಕ ಕೂತರು. ಮೊದಲ ಇಳಿಜಾರಿನಲ್ಲೇ ಚೂಪುಗಲ್ಲೊಂದು ಮುಂದಿನ ರೇಡಿಯೇಟರಿಗೆ ತೂತು ಹೊಡೆಯಿತು. ಗಾಡಿ ನಿಲ್ಲಲಿಲ್ಲ. ಬೋರೆ ಸುತ್ತಿ ಬಂದಮೇಲೆ ಅವರು ಇಳಿದು, ತೂತಿಗೆ ಬೆರಳು ತೂರಿಸಿ ಕೂಗಿದರು: "ನೋಡ್ರೋ! ಇಷ್ಟು ದೊಡ್ಡ ತೂತು, ಒಂದು ಹನಿ ಸೋರಿಲ್ಲ! ನಮ್ಮಪ್ಪನ ಸಾಮಾನು ಅಂದ್ರೆ ಇದು! ಬೋರೆ ನಿಂದೇ ಅಂದ್ಕೊಳಯ್ಯಾ, ದಿನಾ ಓಡಿಸು!"

ನಾನು ದಾದಾಪೀರನ ಕಡೆ ತಿರುಗಿ ಕಣ್ಣು ಹೊಡೆದೆ.

ಈ ಕಣ್ಣು ಹೊಡೆದದ್ದೊಂದು ಮಾತ್ರ ಕಟ್ಟಿ ಹೇಳಿದ್ದು. ಕಣ್ಣು ತುಂಬಿ ಬಂದಿತ್ತು, ಹೊಡೆಯೋದೆಲ್ಲಿ ಬಂತು? ಅವನ ಮಸಿ ಮೆತ್ತಿದ ಕೈ ಹಿಡಿದುಕೊಂಡು ನಿಂತಿದ್ದೆ.